ಅದೇನ ಸಪ್ಪಳಲ್ಲ ಬಿಡ್ರಿ!

ಇಲ್ಲೆ ಬರ್ರಿ, ಇನ್ನೂ ಸ್ವಲ್ಪ ಹತ್ರ ಬರ್ರಿ. ಒಂದ ಮಾತ ಕೇಳತೀನಿ, ಯಾರ ಮುಂದೂ ಹೇಳಂಗಿಲ್ಲ. ಮುಂಜಾನೆ ಕಾರಿನ ಚಾವಿ ತಿರುವಿದ ಕೂಡ್ಲೆ ಬಾನೆಟ್ಟಿನ ಕೆಳಗಿಂದ ‘ಖರ್ರ್‌ರ್‌ರ್’ ಅಂತ ಒಂದ ಸಪ್ಪಳ ಬರತೈತಲ್ಲ? ತಗಡಿನ ಡಬ್ಬ್ಯಾಗ ಹುಣಸಿ ಬೀಜಾ ಹಾಕಿ ಯಾರೋ ಅಳ್ಳಾಡಿಸಿದಂಗ? ಒಂದು, ಎರಡು, ಮೂರು ಎಣಸೂದ್ರಾಗ ಗಪ್ಪ ಆಗತೈತಲ್ಲ? ಹಾಂ, ಅದ. ಅದರದ ಮಾತು.

‘ಏ, ನಮ್ಮ ಗಾಡ್ಯಾಗ ಅಂಥಾದ್ದೇನಿಲ್ರಿ’ ಅಂದ್ರಿ ಹೌದಲ್ಲೊ? ಅಂತೀರಿ ಅಂತ ಗೊತ್ತಿತ್ತು. ನಾನೂ ಹಂಗ ಅಂದಾಂವ. ಒಂದ ದಿನಾ ಎರಡ ದಿನಾ ಅಲ್ಲ, ಏಳ ತಿಂಗಳ ಅಂದೇನಿ. (ಏಳ ತಿಂಗಳಿಗೆ ಕೂಸು ಸೈತ ಹುಟ್ಟತಾವು. ನನಗ ಬುದ್ಧಿ ಹುಟ್ಟಲಿಲ್ಲ.)

ನಮ್ಮೂರ ಕೆರೂರ. ಹುಬ್ಬಳ್ಳಿಯಿಂದ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ದಾಟಿ ವಿಜಯಪುರದ ಕಡೆ ಹೊಂಟ್ರ ನಡು ಸಿಗತೈತಿ. ಆ ಹೆದ್ದಾರಿಗೆ ಮೊದಲ 218 ಅಂತಿದ್ರು, ಈಗ 52 ಅಂತಾರ. ನಂಬರ್ ಬದಲಾತು, ಸಪ್ಪಳ ಬದಲಾಗಲಿಲ್ಲ. ಸಿಮೆಂಟ್ ಲಾರಿ, ಎರಡೆರಡ ಟ್ರೇಲರ್ ಎಳಕೊಂಡು ಜೋರ ಹಾಡ ಹಚ್ಚಿ ಹೊಂಟ ಕಬ್ಬಿನ ಟ್ರ್ಯಾಕ್ಟರ್, ಬಾಗಲದಾಗ ಜೋತಬಿದ್ದ ಮಂದಿ ಹೊತ್ತ ಕ್ರೂಸರ್, ಟಂಟಂ. ಕುರಿ ಸಂತಿ ದಿನಾ ಅಂತೂ ಇದಕ್ಕೆಲ್ಲ ‘ಮ್ಯಾ’ ಅನ್ನೂ ತಾಳ ಬ್ಯಾರೆ.

ಇಂಥಾ ಊರಾಗ ಹುಟ್ಟಿ ಬೆಳದಾವರಿಗೆ ಒಂದ ಶಕ್ತಿ ಬಂದಿರತೈತಿ. ಬ್ಯಾಡಾದ ಸಪ್ಪಳ ಕೇಳಸ್ಕೊಳ್ಳೂದಿಲ್ಲ. ಹೆಂಡ್ತಿ ‘ಕಾಯಿಪಲ್ಲೆ ತರ್ರಿ’ ಅಂದಿದ್ದು, ಬ್ಯಾಂಕಿನಿಂದ ಬಂದ ಫೋನು, ಸಾಲಾ ಕೊಟ್ಟಾಂವ ಹಿಂದಿಂದ ಕರದಿದ್ದು, ಒಂದೂ ಕಿವಿಗೆ ಬೀಳಂಗಿಲ್ಲ. ಅಂಥಾ ಕಿವಿಗೆ ಈ ಮೂರ ಸೆಕೆಂಡಿನ ಖರ್ರ್ ಎಲ್ಲಿ ಬೀಳಬೇಕ್ರಿ?

ಆ ಮೂರ ಸೆಕೆಂಡ ನೀವು ಏನ ಮಾಡತಿರತೀರಿ, ಒಮ್ಮೆ ನೆನಪ ಮಾಡ್ಕೊಳ್ರಿ. ನಾ ಹೇಳ್ಲ್ಯಾ? ಚಾವಿ ತಿರುವತೀರಿ, ಡ್ಯಾಶ್‌ಬೋರ್ಡ್ ಮ್ಯಾಲಿನ ಬನಶಂಕರಿ ತಾಯಿಗೆ ಕಣ್ಣಮುಚ್ಚಿ ಕೈ ಮುಗೀತೀರಿ. ಕಣ್ಣ ತಗಿಯೂದ್ರಾಗ ಸಪ್ಪಳ ನಿಂತಿರತೈತಿ. ತಾಯಿ ಕಾಪಾಡಿದ್ಲು ಅಂತ ಗೇರ್ ಹಾಕಿ ಹೋಗತೀರಿ. (ತಾಯಿ ಕಾಪಾಡತಾಳ್ರಿ, ಸಂಶೇ ಇಲ್ಲ. ಆದ್ರ ಆಯಿಲ್ ಹಾಕೂದು ಆಕಿ ಕೆಲಸಲ್ಲ.)

ಅಪ್ಪಿತಪ್ಪಿ ಕೇಳಿತು ಅಂತ ಇಟ್ಕೋರಿ. ಆಗ ನಮ್ಮ ತೆಲಿ ಎಷ್ಟ ಚುರುಕ ಓಡತೈತಿ ಅಂತೀರಿ! ಪುಷ್ಯ ಮಾಸದಾಗ ಕೇಳಿದಾಗ ‘ಚಳಿಗೆ ಹಂಗ ಆಗತೈತಿ’ ಅಂದೆ. ಬ್ಯಾಸಗ್ಯಾಗ ಕೇಳಿದಾಗ ‘ಈ ಬಿಸಲಿಗೆ ಹಂಗ’ ಅಂದೆ. ಮಳಿಗಾಲದಾಗ ‘ಸ್ವಲ್ಪ ತಂಪ ಹತ್ತೇತಿ’. ಒಮ್ಮೆ ಒಬ್ಬರ ಮುಂದ ‘ಡೀಸೆಲ್ ಇಂಜಿನ್ ನೋಡ್ರಿ, ಸ್ವಲ್ಪ ಸಪ್ಪಳ ಇರೂದ’ ಅಂದ್ಬಿಟ್ಟೆ. ನಂದು ಪೆಟ್ರೋಲ್ ಗಾಡಿ.

(ಯಾವ ಕಂಪನಿದು ಅಂತ ಕೇಳಬ್ಯಾಡ್ರಿ. ಸೆಕೆಂಡ್ ಹ್ಯಾಂಡ್ ಗಾಡಿ, ನಾನ ಮೂರನೇ ಮಾಲಕ. ತಪ್ಪೂ ನಂದ. ಅದರ ಮಾನಾ ಯಾಕ ಕಳೀಬೇಕು?)

ಖರೇ ಹೇಳಬೇಕಂದ್ರ ರೋಗ ಮೊದಲ ಹಿಡದಾಕಿ ನಮ್ಮ ಮನಿಯಾಕಿ. ತವರಮನಿ ಗುಳೇದಗುಡ್ಡ. ಖಣ ನೇಯೂ ಓಣ್ಯಾಗ ಬೆಳದಾಕಿ. ಮಗ್ಗದ ಸಪ್ಪಳ ಕೇಳಿನ ಎಲ್ಲೆ ಏನ ಸಡ್ಲಾಗೇತಿ ಅಂತ ಹೇಳೂ ಮಂದಿ ಅವರು. ಒಂದ ಮುಂಜಾನೆ ರೊಟ್ಟಿ ಬಡಿಯೂದ ನಿಲ್ಲಿಸಿ, ಹಿಟ್ಟಿನ ಕೈಲೆ ಖಿಡಕ್ಯಾಗ ಬಂದು, ‘ಏನ್ರಿ, ನಿಮ್ಮ ಗಾಡ್ಯಾಗ ಏನೋ ಸಡ್ಲಾಗೇತಿ ನೋಡ್ರಿ’ ಅಂದ್ಲು. ಪುಗಸಟ್ಟೆ ಡಯಾಗ್ನೋಸಿಸ್! ನಾ ಏನಂದೆ ಗೊತ್ತೇನು? ‘ನಿನಗೇನ ತಿಳೀತೈತಿ ಇಂಜಿನ್?’ (ನೀವೂ ಅಂದೀರಿ. ತೆಲಿ ತಗ್ಗಸಬ್ಯಾಡ್ರಿ, ಇಲ್ಲೆ ಎಲ್ಲಾರೂ ಅಂದಾವರ.)

ಆಮ್ಯಾಲೆ ನಾವು ಮಾಡೂದೇನು? ಮಿಸ್ತ್ರೀನ ಒಬ್ಬನ್ನ ಬಿಟ್ಟು ಊರ ಮಂದಿಗೆಲ್ಲ ತೋರಸ್ತೀವಿ. ಬಸ್‌ಸ್ಟ್ಯಾಂಡ್ ಹತ್ರ ಚಾದಂಗಡ್ಯಾಗ ನಮ್ಮದೊಂದ ಮೆಡಿಕಲ್ ಬೋರ್ಡ್ ಐತಿ. ಟ್ರ್ಯಾಕ್ಟರ್ ಇದ್ದಾಂವ ‘ಸೈಲೆನ್ಸರ್’ ಅಂದ. ಮೊಬೈಲ್ ಅಂಗಡ್ಯಾಂವ ‘ಸೆನ್ಸರ್’ ಅಂದ. ಔಷಧ ಅಂಗಡಿ ಕಾಕಾ ಮಿರ್ಚಿ ಕಡಕೋತ ಭಾಳ ಹೊತ್ತ ವಿಚಾರ ಮಾಡಿ, ‘ಗ್ಯಾಸ್ ಇರಬೇಕು’ ಅಂದ್ರು.

ಅಷ್ಟಕ್ಕ ಬಿಟ್ಟೆ ಅಂದ್ಕೊಂಡ್ರ್ಯಾ? ಮೊಬೈಲ್‌ನ್ಯಾಗ ಸಪ್ಪಳಾ ರೆಕಾರ್ಡ್ ಮಾಡಿ ಬೆಂಗಳೂರಾಗಿರೂ ಮಗಗ ಕಳಿಸಿದೆ. ಅವ ಎರಡ ತಾಸ ಬಿಟ್ಟು ಬರದ: ‘ಅಪ್ಪಾ, ಇದು ಕುಕ್ಕರ್ ಸೀಟಿ.’ ಕೇಳಿ ನೋಡಿದ್ರ ಹೌದು, ನಡುವ ಅಡಗಿಮನಿ ಕುಕ್ಕರ್ ಹೊಡಕೊಂಡಿತ್ತು. ರಾತ್ರಿ ಯೂಟ್ಯೂಬ್ ನೋಡಿದೆ. ಒಬ್ಬ ಪಂಜಾಬಿ ಇಡೀ ಇಂಜಿನ್ ಬಿಚ್ಚಿ ಹಾಸಿಗಿ ಮ್ಯಾಲ ಹಪ್ಪಳ ಒಣಾ ಹಾಕಿದಂಗ ಹರವಿದ್ದ. ಹೆದರಿ ಮೊಬೈಲ್ ಬಂದ್ ಮಾಡಿ ಮಲಗಿದೆ.

ಕಡೀಕ ಗ್ಯಾರೇಜಿಗೆ ಹೋಗೂದ ಆತು, ಯಾಕಂದ್ರ ಮೂರ ಸೆಕೆಂಡಿನ ಸಪ್ಪಳ ಐದ ಸೆಕೆಂಡ ಆತು, ಎಂಟ ಆತು. ತಾಯಿಗೆ ಎಷ್ಟ ಹೊತ್ತಂತ ಕೈ ಮುಗೀಲಿ? ಒಂದ ಸಂಜಿಕ ಬಾಗಲಕೋಟಿಯಿಂದ ಬರೂ ಮುಂದ ಸೀದಾ ಮಿಸ್ತ್ರಿ ಮಾಮಾನ ಗ್ಯಾರೇಜಿಗೆ ಹೊಡದೆ. ಈ ಮಾಮಾ ಅಂಬಾಸಡರ್ ಕಾಲದಾಂವ. ಗಾಡಿ ನಿಲ್ಲಿಸಿ, ಮತ್ತ ಚಾಲೂ ಮಾಡಿ ‘ಕೇಳ್ರಿ’ ಅಂದೆ. ಏನ ಕೇಳತಾರ? ಗಾಡಿ ಗುಬ್ಬಿಮರಿಯಂಗ ಗಪ್ಪ ನಿಂತಿತ್ತು.

ನಿಮಗೂ ಹಿಂಗ ಆಗೇತಿ ಹೌದಲ್ಲೊ? ಡಾಕ್ಟರ್ ಮುಂದ ಕುಂತ ಕೂಡ್ಲೆ ಕೆಮ್ಮ ನಿಂತಂಗ? ಮಾಮಾ ನಗಲಿಲ್ಲ. ‘ಗಾಡಿ ಇಲ್ಲೆ ಬಿಟ್ಟ ಹೋಗ್ರಿ ಸರ್. ರಾತ್ರಿ ಮಲಗಲಿ. ಮುಂಜಾನೆ ನಾನ ಎಬ್ಬಸ್ತೀನಿ’ ಅಂದ್ರು. ಅಷ್ಟ. ಏಳ ತಿಂಗಳ ಚಾದಂಗಡ್ಯಾಗ ಹರಟಿದ್ದಕ್ಕ ಈ ಒಂದ ಮಾತ ಸಾಕಿತ್ತು. ಇಂಥಾ ಸಪ್ಪಳ ಹಿಡೀಬೇಕಂದ್ರ ಥಂಡಿ ಇಂಜಿನ್ ಬೇಕು, ಇಡೀ ರಾತ್ರಿ ಮುಟ್ಟದ ಬಿಟ್ಟಿದ್ದು.

ಯಾಕಂತೀರಿ? ಹೇಳತೀನಿ, ಸ್ವಲ್ಪ ಕಿವಿ ಕೊಡ್ರಿ (ಮೊಬೈಲ್ ಕೆಳಗಿಡ್ರಿ ಮೊದಲ). ಇಂಜಿನ್ನಿನ ಕೆಳಗ ಒಂದ ದಂಡ ಐತಿ, ಕ್ರ್ಯಾಂಕ್‌ಶಾಫ್ಟ್. ಪಿಸ್ಟನ್ ಮ್ಯಾಲ-ಕೆಳಗ ಓಡಾಡಿ ಅದನ್ನ ತಿರಗಸ್ತಾವು. ಮ್ಯಾಲ ತೆಲಿ ಕಡೆ ಇನ್ನೊಂದ ದಂಡ, ಕ್ಯಾಮ್‌ಶಾಫ್ಟ್. ಅದು ವಾಲ್ವ್ ಅನ್ನೂ ಬಾಗಲಾ ಒತ್ತಿ ತಗೀತೈತಿ. ಗಾಳಿ-ಪೆಟ್ರೋಲ್ ಒಳಗ ಬರಾಕ ಒಂದ ಬಾಗಲಾ, ಸುಟ್ಟ ಹೊಗಿ ಹೊರಗ ಹೋಗಾಕ ಒಂದ. ಕೆಳಗಿನ ದಂಡ ಎರಡ ಸುತ್ತ ತಿರಗಿದ್ರ ಮ್ಯಾಲಿಂದು ಬರೋಬ್ಬರಿ ಒಂದ ಸುತ್ತ. ಈ ಲೆಕ್ಕಾ ತಪ್ಪದಂಗ ಎರಡನ್ನೂ ಕಟ್ಟಿ ಹಾಕಿದ್ದ ಟೈಮಿಂಗ್ ಚೈನ್.

ಮೀಟರಿನ ಮುಳ್ಳ 3000ಕ್ಕ ನಿಂತಾಗ ಕ್ರ್ಯಾಂಕ್ ಸೆಕೆಂಡಿಗೆ 50 ಸುತ್ತ ಹೊಡೀತೈತಿ, ಕ್ಯಾಮ್ 25. ಅಂದ್ರ ಒಂದೊಂದ ವಾಲ್ವ್ ಒಂದ ಸೆಕೆಂಡಿನ್ಯಾಗ 25 ಸಲ ತಗದು ಮುಚ್ಚತೈತಿ. (ಸೂಟ್ಯಾಗ ಮೊಮ್ಮಕ್ಕಳ ಬಂದಾಗ ನಮ್ಮ ಫ್ರಿಜ್ಜಿನ ಬಾಗಲಾ ಸೈತ ಅಷ್ಟ ತಗ್ಯಂಗಿಲ್ಲ.) ಭಾಳಷ್ಟ ಇಂಜಿನ್ನಿನಾಗ ವಾಲ್ವ್ ಕೆಳಗ ಇಳಿಯೂ ಜಾಗಾನೂ ಪಿಸ್ಟನ್ ಮ್ಯಾಲ ಬರೂ ಜಾಗಾನೂ ಒಂದ. ಬರೂ ಹೊತ್ತಷ್ಟ ಬ್ಯಾರೆ. ಅಣ್ತಮ್ಮರ ನಡು ಒಂದ ಬೋರ್‌ವೆಲ್ ಇದ್ದಂಗ. ಪಾಳಿ ಇರೂ ತನಕ ‘ಅಣ್ಣಾ’, ‘ತಮ್ಮಾ’. ಪಾಳಿ ತಪ್ಪಿತೋ, ಗುದ್ದಲಿ ಹೊರಗ ಬರತಾವು.

ಈ ಚೈನು ನಿಮಗ ಗುರತಿಲ್ಲದ್ದೇನಲ್ಲ. ಸಣ್ಣಾವರಿದ್ದಾಗ ಸೈಕಲ್ ಚೈನ್ ಸಡ್ಲಾಗಿ ಕವರಿಗೆ ಬಡಕೋತ ಬರತಿದ್ದಿಲ್ಲೇನು, ಪ್ಯಾಂಟಿನ ಕಾಲ ತಿಂದು? ಅದರ ಅಣ್ಣತಮ್ಮನ ಇದು. ಮ್ಯಾಂಚೆಸ್ಟರಿನ್ಯಾಗ ಹನ್ಸ್ ರೆನಾಲ್ಡ್ ಅನ್ನಾಂವ 1880ರಾಗ ಬುಷ್ ಮತ್ತ ರೋಲರ್ ಇರೂ ಚೈನ್ ಕಂಡ ಹಿಡದ. ಹತ್ತಿಗಿರಣಿ ಮಷಿನ್ನಿನ ಊರಾಗ ಹುಟ್ಟಿದ ಚೈನು. ನೇಕಾರರ ಮನಿ ಮಗಳಿಗೆ ಅದರ ಸಪ್ಪಳ ಗುರುತ ಸಿಕ್ಕಿದ್ದರಾಗ ಆಶ್ಚರ್ಯ ಏನೈತ್ರಿ?

ಸೈಕಲ್ಲಿನ ಚೈನ್ ಸಡ್ಲಾದ್ರ ಹಿಂದಿನ ಗಾಲಿ ಎಳದು ನಟ್ಟ ಬಿಗೀತಿದ್ರಿ. ಇಂಜಿನ್ನಿನಾಗ ಆ ಕೆಲಸಕ್ಕ ಟೆನ್ಷನರ್ ಅಂತ ಒಂದ ಐತಿ. (ನಮಗ ಟೆನ್ಷನ್ ಕೊಡೂದಲ್ರಿ, ಅದು ಬಿಲ್ ಕೊಡತೈತಿ. ಇದು ಚೈನಿಗೆ ಬಿಗಿ ಕೊಡೂದು.) ಸಣ್ಣದೊಂದ ಗೂಟ, ಹಿಂದ ಆಯಿಲ್ ಬಂದು ಒತ್ತಿದ್ರ ಅದು ಮುಂದ ಬಂದು ಪ್ಲ್ಯಾಸ್ಟಿಕ್ಕಿನ ಗೈಡ್ ಪಟ್ಟಿನ ದೂಡತೈತಿ, ಪಟ್ಟಿ ಚೈನನ್ನ ಬಿಗಿ ಹಿಡೀತೈತಿ.

ಈಗ ತಿಳೀತೇನು ಆ ಮೂರ ಸೆಕೆಂಡ? ರಾತ್ರಿಯೆಲ್ಲ ನಿಂತ ಗಾಡ್ಯಾಗ ಆಯಿಲ್ ಕೆಳಗ ಇಳದಿರತೈತಿ. ಮುಂಜಾನೆ ನಳಾ ಬಿಟ್ಟಾಗ ಮೊದಲ ಬರೇ ಸುಸ್ ಅಂತ ಗಾಳಿ ಬಂದು ಆಮ್ಯಾಲೆ ನೀರ ಬರತಾವಲ್ಲ, ಹಂಗ ಆಯಿಲ್ ಮ್ಯಾಲ ಏರಿ ಟೆನ್ಷನರ್ ಮುಟ್ಟೂ ತನಕ ಚೈನ್ ಸಡ್ಲ. ಸಡ್ಲ ಚೈನ್ ಗೈಡಿಗೆ ಪಟಪಟ ಬಡೀತೈತಿ. ಆಯಿಲ್ ಬಂತು, ಬಿಗೀತು, ನಿಂತಿತು. ಆ ಸಪ್ಪಳ ತಾ ಆಗಿ ನಿಲ್ಲತೈತಲ್ಲ, ಅದಕ್ಕ ನಮಗ ಅದು ರೋಗ ಅನಸಂಗಿಲ್ಲ.

(ಮುಂಜಾನೆ ಎದ್ದ ಕೂಡ್ಲೆ ನಿಮ್ಮ ಮೊಣಕಾಲೂ ಕಟಕಟ ಅಂದು, ಹತ್ತ ಹೆಜ್ಜಿ ನಡದ ಮ್ಯಾಲ ಗಪ್ಪ ಆಗತೈತಲ್ಲ? ಅದನ್ನ ಎಂದಾರ ಡಾಕ್ಟರಿಗೆ ತೋರಿಸೀರೇನು? ಇಲ್ಲ. ಗೊತ್ತಿತ್ತು.)

ಮರದಿನಾ ಆರಕ್ಕ ಹೋದೆ. ಮಾಮಾ ಚಾಲೂ ಮಾಡೂಕ್ಕಿಂತ ಮೊದಲ ಡಿಪ್‌ಸ್ಟಿಕ್ ಎಳದ್ರು, ಒರಸಿದ್ರು, ಮತ್ತ ಇಳಿಬಿಟ್ಟು ಎಳದ್ರು. ಆಯಿಲ್ ಕೆಳಗಿನ ಗೆರಿ ಸೈತ ಮುಟ್ಟಿರಲಿಲ್ಲ, ಬಣ್ಣ ಎಳ್ಳಹೋಳಿಗಿ ಹೂರಣಕ್ಕಿಂತ ಕಪ್ಪ. ‘ಆಯಿಲ್ ಯಾವಾಗ ಬದಲಿ ಮಾಡ್ಸೀರಿ ಸರ್?’ ಅಂದ್ರು. ‘ಮೊನ್ನೆ ಮೊನ್ನೆನ’ ಅಂದೆ. ಮಾಮಾ ಬಾಗಲಾ ತಗದು, ಹಿಂದಿನ ಸರ್ವಿಸಿನಾಗ ಕಟ್ಟಿದ್ದ ಚೀಟಿ ತಿರುವಿ ನೋಡಿದ್ರು. ಮೊನ್ನೆ ಅಂದ್ರ ಹದಿನೇಳ ಸಾವಿರ ಕಿಲೋಮೀಟರ್ ಹಿಂದ ಅಂತ ಇಬ್ಬರಿಗೂ ಗೊತ್ತಾತು.

ಮಿಸ್ತ್ರಿಗೂ ಡಾಕ್ಟರಿಗೂ ನಾವು ಸುಳ್ಳ ಯಾಕ ಹೇಳತೀವ್ರಿ? ರೊಕ್ಕಾ ಕೊಟ್ಟು ಸುಳ್ಳ ಹೇಳೂ ಜಾಗಾ ಇವೆರಡ. ‘ಸಕ್ಕರಿ ಬಿಟ್ಟೇನ್ರಿ’ ಅಂತೀರಿ, ಬಾಯಾಗ ಇನ್ನೂ ಅಮೀನಗಡದ ಕರದಂಟ ಇರತೈತಿ. ಹೋಗ್ಲಿ, ನನಗ ಕೇಳ್ರಿ: ನಿಮ್ಮ ಚೀಟಿ ಎಲ್ಲೈತಿ ಈಗ? ಸೀಟಿನ ಕೆಳಗ, ಚುರುಮುರಿ ಪೊಟ್ಟಣದ ಬಾಜೂಕ?

ಚಾವಿ ತಿರುವಿದ್ರು. ಖರ್ರ್‌ರ್‌ರ್‌ರ್! ಗ್ಯಾರೇಜಿನ ಹುಡುಗ ಎಣಸಿದ, ಎಂಟ. ನಾ ‘ನೋಡ್ರಿ, ನಾ ಹೇಳಿದ್ದಿಲ್ಲೇನು’ ಅಂದೆ, ಬಹುಮಾನ ಬಂದಾವರಂಗ. ಮಾಮಾ ಉದ್ದನ್ನ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿನ ಬಾಜೂಕ ಇರೂ ಟೈಮಿಂಗ್ ಕವರಿಗೆ ಹಚ್ಚಿ, ಹಿಡಿಕಿ ಕಿವಿಗೆ ಹಚ್ಚಿದ್ರು. ಮ್ಯಾಲ ಒಮ್ಮೆ, ನಡು ಒಮ್ಮೆ, ಕೆಳಗ ಒಮ್ಮೆ. ನನಗೂ ಕೊಟ್ರು. ನಾನೂ ಕಿವಿಗೆ ಹಚ್ಚಿ ‘ಹೂಂ... ಹೂಂ...’ ಅಂದೆ. ಏನೂ ತಿಳೀಲಿಲ್ಲ. (ನೀವು ಇದ್ರೂ ಹೂಂ ಅಂತಿದ್ರಿ.)

ಇಷ್ಟಕ್ಕ ಚೈನಿನ ಮ್ಯಾಲ ತಪ್ಪ ಹೊರಸಾಂವ ಒಳ್ಳೆ ಮಿಸ್ತ್ರಿ ಅಲ್ಲ. ಸೈಲೆನ್ಸರ್ ಮ್ಯಾಲಿನ ತಗಡ ಸಡ್ಲಾದ್ರೂ ಖರ್ರ್ ಅಂತೈತಿ. ಡೈನಮೋದ ಪುಲ್ಲಿ, ನೀರಿನ ಪಂಪಿನ ಬೇರಿಂಗ್ ಹೋದ್ರೂ ಅಂತೈತಿ. ಅದಕ್ಕ ಹೊರಗಿನ ಬೆಲ್ಟ್ ಬಿಚ್ಚಿದ್ರು. ಆಯಿಲ್ ಮತ್ತ ಕೆಳಗ ಇಳೀಲಿ ಅಂತ ಗಾಡೀನ ಮತ್ತೊಂದ ರಾತ್ರಿ ನಿಲ್ಲಿಸಿ, ಮುಂಜಾನೆ ಒಂದ ಗಳಿಗಿ ಚಾಲೂ ಮಾಡಿದ್ರು. ಸಪ್ಪಳ ಹೋಗಿದ್ರ ಹೊರಗಿನ ರೋಗ. ಹೋಗ್ಲಿಲ್ಲ. ಆಮ್ಯಾಲೆ ಸ್ಕ್ಯಾನರ್ ಹಚ್ಚಿದ್ರು. ಪಿ0016 ಅಂತ ಬಂತು. ಕ್ರ್ಯಾಂಕಿನ ಲೆಕ್ಕಕ್ಕೂ ಕ್ಯಾಮಿನ ಲೆಕ್ಕಕ್ಕೂ ತಾಳ ಕೂಡವಲ್ದು ಅಂತ ಅದರ ಅರ್ಥ.

ಆದ್ರೂ ಮಾಮಾ ಮೊದಲ ಹೊಸಾ ಆಯಿಲ್, ಹೊಸಾ ಫಿಲ್ಟರ್ ಹಾಕಿ ನೋಡಿದ್ರು. ಕಂಪನಿ ಪುಸ್ತಕದಾಗ ಬರದ ಗ್ರೇಡಿಂದ ಆಯಿಲ್, ‘ದಪ್ಪಂದು ಹಾಕಿದ್ರ ಸಪ್ಪಳ ಮುಚ್ಚತೈತಿ’ ಅನ್ನೂ ಚಾದಂಗಡಿ ಸಲಹಾ ಅಲ್ಲ. ಎಂಟ ಸೆಕೆಂಡಿಂದು ನಾಕಕ್ಕ ಬಂತು. ನಾ ಕುಣದಾಡಿದೆ. ‘ಸಾಕ ಬಿಡ್ರಿ ಮಾಮಾ, ಅರ್ಧಾ ಹೋತಲ್ಲ!’ ಮಾಮಾ ಅಂದ್ರು: ‘ಜ್ವರಾ ಇಳದೈತ್ರಿ, ರೋಗಾ ಅಲ್ಲೇ ಐತಿ.’

ಇನ್ನ ಬರತೈತಿ ನೋಡ್ರಿ ನಮ್ಮ ಖರೇ ಪ್ರತಿಭಾ. ಚೌಕಾಸಿ. ‘ಎಷ್ಟಾಗತೈತಿ?’ ಅಂದೆ. ಚೈನು, ಟೆನ್ಷನರ್, ಎರಡೂ ಗೈಡು, ಹಲ್ಲಿನ ಚಕ್ರ, ಸೀಲು, ಕೂಲಿ, ಎಲ್ಲಾ ಕೂಡಿ ಹದಿನೆಂಟ ಸಾವಿರ ಅಂದ್ರು. ನಾ ಎದಿ ಹಿಡಕೊಂಡು, ‘ಚೈನ್ ಒಂದ ಹಾಕ್ರಿ ಮಾಮಾ, ಉಳದಿದ್ದ ಮುಂದಿನ ಸಲ ನೋಡೂಣು’ ಅಂದೆ.

‘ಹಳೇ ಹಲ್ಲಿಗೆ ಹೊಸಾ ಚೈನ್ ಹಾಕೂದು ಅಂದ್ರ, ಬೊಚ್ಚ ಬಾಯಿ ಅಜ್ಜಗ ಖಡಕ್ ರೊಟ್ಟಿ ಕೊಟ್ಟಂಗ್ರಿ’ ಅಂದ್ರು ಮಾಮಾ. ‘ಮತ್ತ ಒಂದ ಕೂಲ್ಯಾಗ ಮುಗಿಯೂದಕ್ಕ ಎರಡ ಸಲ ಕೂಲಿ ಕೊಡವರ ಇದ್ರ ನನಗೇನ ಬ್ಯಾಡಾತೇನ್ರಿ?’ ಆಗ ಸುಮ್ಮಾದೆ. ಆದ್ರ ಮನ್ಯಾಗ ಬಂದು ಮೊಬೈಲ್‌ನ್ಯಾಗ ಅರ್ಧಾ ರೊಕ್ಕಕ್ಕ ಸಿಗೂ ಡುಪ್ಲಿಕೇಟ್ ಕಿಟ್ ಹುಡುಕಿದೆ ಅಂತ ನಿಮಗ ಹೇಳಬೇಕಾದ ಜರೂರ ಐತೇನು? ನೀವೂ ಹುಡುಕಾವರ.

ಸಾಮಾನ ಹುಬ್ಬಳ್ಳಿಯಿಂದ ಬಸ್ಸಿನ್ಯಾಗ ಬಂತು. ಅದು ಬರೂ ಹೊತ್ತಿಗೆ ಮಾಮಾ ಚಾ ಕುಡಕೋತ ಹಳೇ ಕಾಲಾ ತಗದ್ರು. ಅಂಬಾಸಡರಿಗೂ ಚೈನ್ ಇತ್ತು, ಪದ್ಮಿನಿಗೂ ಚೈನ್ ಇತ್ತು. 1983ರ ಡಿಸೆಂಬರಿನ್ಯಾಗ ಮಾರುತಿ 800 ಬಂತು ನೋಡ್ರಿ, ಅದಕ್ಕ ರಬ್ಬರ್ ಬೆಲ್ಟ್. ಆಮ್ಯಾಲೆ ಸ್ವಿಫ್ಟು, ವಿಸ್ತಾ, ಪುಂಟೋ ಎಲ್ಲಾದ್ರಾಗೂ ಕುಂತ ಆ 1248 ಸಿಸಿ ಡೀಸೆಲ್ ಇಂಜಿನ್ ಬಂದಾಗ ಮತ್ತ ಚೈನು. ಬೆಲ್ಟು ಹರಕೋತ ಹೋಗತೈತಿ ಅಂತ ಮಂದಿಗೆ ಅಂಜಿಕಿ ಇತ್ತು, ಕಿಲೋಮೀಟರ್ ಲೆಕ್ಕಾ ಹಾಕಿ ಬದಲಿ ಮಾಡಸ್ತಿದ್ರು.

ಚೈನ್ ಅಂದ ಕೂಡ್ಲೆ ಅಂಜಿಕಿ ಹೋತು. ಗಾಡಿ ಮಾರಾವರು ‘ಚೈನ್ ಐತ್ರಿ, ಬದಲಿ ಮಾಡೂದ ಬ್ಯಾಡ’ ಅಂದ್ರು. ನಾವು ‘ನೋಡೂದ ಬ್ಯಾಡ’ ಅಂತ ಕೇಳಸ್ಕೊಂಡ್ವಿ. ಬೆಲ್ಟಿಗೆ ತಾರೀಖ ಇತ್ತು, ಅದಕ್ಕ ನೆನಪಿತ್ತು. ಚೈನಿಗೆ ತಾರೀಖ ಇಲ್ಲ. ಅದಕ್ಕ ಇರೂದ ಒಂದ, ಆಯಿಲ್. ಅದೂ ತಾರೀಖಿನ ಮಾತ ಆದ್ರೂ, ಚೀಟಿ ಸೀಟಿನ ಕೆಳಗ ಬಿದ್ದೈತಿ.

ಬಿಚ್ಚೂದ ನೋಡಾಕ ರಜಾ ಹಾಕಿ ಹೋದೆ. (ಮಗಳ ಪೇರೆಂಟ್ಸ್ ಮೀಟಿಂಗಿಗೆ ಎಂದೂ ರಜಾ ಹಾಕಿದಾಂವಲ್ಲ.) ಒಂದ ಕಡೆ ಇಂಜಿನ್ನಿನ ಕೆಳಗ ಜಾಕ್ ಕೊಟ್ರು, ಯಾಕಂದ್ರ ಅದನ್ನ ಹಿಡದ ಮೌಂಟಿಂಗ್ ಬಿಚ್ಚಬೇಕು. ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ದೊಡ್ಡ ಪಾನಾ ಹಾಕಿ, ಪಾನಾಕ್ಕ ಪೈಪ್ ಹಾಕಿ, ಪೈಪಿಗೆ ಹುಡುಗನ್ನ ಹಾಕಿದ್ರು. ಕವರ್ ಬಿಚ್ಚಿತು. ಒಳಗ ನೋಡಿದ್ರ ಗೈಡಿನ ಪ್ಲ್ಯಾಸ್ಟಿಕ್ ಪಟ್ಟಿ ತುದಿ ಮುರದು ಮಾಯ ಆಗಿತ್ತು.

ಮಾಯ ಎಲ್ಲಿ ಆಗತೈತ್ರಿ? ಕೆಳಗಿನ ಸಂಪಿನ್ಯಾಗ ಸಿಕ್ಕಿತು. ಆಯಿಲ್ ಎಳಕೊಳ್ಳೂ ಜಾಳಗಿಗೆ ಪುಟಾಣಿ ಚೂರಿನಂಗ ಅಂಟಕೊಂಡ ಕುಂತಿತ್ತು. ಈ ಚಕ್ರಾ ನೋಡ್ರಿ: ಆಯಿಲ್ ಕಡಿಮಿ ಆತು ಅಂತ ಚೈನ್ ಬಡೀತು, ಚೈನ್ ಬಡದು ಗೈಡ್ ಮುರೀತು, ಗೈಡಿನ ಚೂರ ಜಾಳಗಿ ಮುಚ್ಚಿ ಆಯಿಲ್ ಇನ್ನಷ್ಟ ಕಡಿಮಿ ಆತು. ಮಾಮಾ ಚೂರಗೋಳ್ನ ನನ್ನ ಅಂಗೈಯಾಗ ಪ್ರಸಾದದಂಗ ಹಾಕಿದ್ರು. ಏನೂ ಅನಲಿಲ್ಲ. ಬೈದಿದ್ರ ಸಮಾಧಾನ ಆಗತಿತ್ತು.

ಆಮ್ಯಾಲೆ ಹಳೇ ಚೈನು, ಹೊಸಾ ಚೈನು ಎರಡೂ ಒಂದ ಮೊಳಿಗೆ ಜೋತ ಬಿಟ್ರು. ಹಳೇದು ಒಂದ ಗೋಧಿ ಕಾಳಿನಷ್ಟ ಕೆಳಗ ಇಳದಿತ್ತು. ‘ಇಷ್ಟಕ್ಕ ಹದಿನೆಂಟ ಸಾವಿರೇನ್ರಿ?’ ಅಂದೆ, ಬಾಯಿ ಸುಮ್ಮಿರಬೇಕಲ್ಲ! ಕಬ್ಬಣಾ ರಬ್ಬರಿನಂಗ ಹಿಗ್ಗಂಗಿಲ್ರಿ. ಒಂದೊಂದ ಕೀಲಿನ ಪಿನ್ನು, ಬುಷ್ಷು ಕೂದಲೆಳಿಕ್ಕಿಂತ ಸಣ್ಣಗ ಸವೀತಾವು. ಅಂಥಾ ನೂರಾರ ಕೀಲಿನ ಸವತಾ ಕೂಡಿ ಆ ಗೋಧಿ ಕಾಳು.

ಆ ಕಾಳಿನ ಬಲಾ ಹೇಳತೀನಿ ಕೇಳ್ರಿ. ಕ್ರ್ಯಾಂಕಿನ ಚಕ್ರಕ್ಕ 20 ಹಲ್ಲ ಅದಾವು ಅಂತ ಇಟ್ಕೋರಿ, ಕ್ಯಾಮಿಂದಕ್ಕ 40. ಸಡ್ಲಾದ ಚೈನ್ ಒಂದ, ಒಂದ ಹಲ್ಲ ಜಿಗೀತು ಅಂದ್ರ ಕ್ರ್ಯಾಂಕ್ ಲೆಕ್ಕದಾಗ 18 ಡಿಗ್ರಿ ತಪ್ಪಿತು. ಗಾಡಿ ಎಳೀವಲ್ದು, ನಡಗತೈತಿ, ದೀಪಾ ಹತ್ತತೈತಿ. ಇನ್ನೆರಡ ಹಲ್ಲ ಜಿಗೀತು, ಇಲ್ಲಾ ಚೈನ್ ಕಡೀತು ಅಂದ್ರ ಅಣ್ತಮ್ಮರ ಪಾಳಿ ತಪ್ಪಿತು. ಪಿಸ್ಟನ್ ಬಂದು ವಾಲ್ವಿಗೆ ಗುದ್ದಿ, ವಾಲ್ವ್ ಸೊಟ್ಟ. ಆಮ್ಯಾಲೆ ಹದಿನೆಂಟ ಸಾವಿರದ ಲೆಕ್ಕಾ ಅಲ್ಲ, ಇಂಜಿನ್ನಿನ ತೆಲಿನ ಇಳಸಬೇಕು. ನಿಮ್ಮ ತೆಲೀನೂ.

ಕೂಡಸೂ ಕೆಲಸ ಇತ್ತಲ್ಲ, ಅದು ಪೂಜಾ ಇದ್ದಂಗ ನಡೀತು. ಹೊಸಾ ಚೈನಿನ್ಯಾಗ ಒಂದೆರಡ ಕೊಂಡಿಗೆ ಬ್ಯಾರೆ ಬಣ್ಣ ಇರತೈತಿ. ಚಕ್ರದ ಮ್ಯಾಲ ಚುಕ್ಕಿ. ಬಣ್ಣದ ಕೊಂಡಿ ಚುಕ್ಕಿಗೆ ಬಂದು ಕುಂದ್ರಬೇಕು, ನಿಬ್ಬಣದ ಹೊತ್ತಿಗೆ ಮುಹೂರ್ತ ಕೂಡಿದಂಗ. ಟೆನ್ಷನರ್ ತನ್ನ ಗೂಟಾ ಒಳಗ ದೂಡ್ಕೊಂಡು, ಒಂದ ಪಿನ್ನಿನ ಮೂಗುದಾರ ಹಾಕಸ್ಕೊಂಡ ಬಂದಿತ್ತು. ಎಲ್ಲಾ ಕುಂತ ಮ್ಯಾಲ ಆ ಪಿನ್ ಎಳದ್ರು. ಟಕ್! ಗೂಟಾ ಮುಂದ ಬಂತು, ಚೈನ್ ಬಿಗೀತು. (ಆ ಪಿನ್ ಎಳಿಯೂದ ಮರತು ಕವರ್ ಮುಚ್ಚಿದ ಜಾಣರೂ ಅದಾರಂತ. ಹೆಸರ ಹೇಳಲಿಲ್ಲ ಮಾಮಾ.)

ಕವರ್ ಮುಚ್ಚೂಕ್ಕಿಂತ ಮೊದಲ ಪಾನಾ ಹಾಕಿ ಇಂಜಿನ್ನ ಕೈಲೆ ಎರಡ ಸುತ್ತ ತಿರುವಿದ್ರು. ಮೆಲ್ಲಕ, ಕೂಸಿನ ತೊಟ್ಲಾ ತೂಗಿದಂಗ. ಎಲ್ಲಿಯಾದ್ರೂ ತಡದ್ರ ಜೋರ ಮಾಡಬಾರದು, ಮತ್ತ ಚುಕ್ಕಿ ನೋಡಬೇಕು. ಎಲ್ಲೂ ತಡೀಲಿಲ್ಲ. ಕವರಿಗೆ ಅಂಟ ಹಚ್ಚಿ ಮುಚ್ಚಿದ್ರು. ‘ಅಂಟ ಆರಬೇಕ್ರಿ, ನಾಳೆ ಒಯ್ರಿ’ ಅಂದ್ರು. ನಾ ಏನಂದೆ ಹೇಳ್ರಿ ನೋಡೂಣು? ‘ಸಂಜಿಕ ಕೊಡಾಕ ಆಗಂಗಿಲ್ಲೇನು? ಅರ್ಜೆಂಟ್ ಐತಿ.’ ಏಳ ತಿಂಗಳ ಕಾದಾವಗ ಒಂದ ರಾತ್ರಿ ಅರ್ಜೆಂಟ್!

ಮರದಿನಾ ಮಾಮಾ ಪೆಟ್ರೋಲ್ ಹೋಗೂದ ಬಂದ್ ಮಾಡಿ ಬರೇ ಸ್ಟಾರ್ಟರ್ ಹೊಡದು, ಆಯಿಲ್ ದೀಪಾ ಆರೂ ತನಕ ತಿರುವಿ, ಆಮ್ಯಾಲೆ ಚಾಲೂ ಮಾಡಿದ್ರು. ಗಪ್‌ಚುಪ್. ರೊಕ್ಕಾ ಎಣಸಿ ಕೊಟ್ಟೆ. ಐದನೂರ ಬಿಡಿಸ್ಕೊಂಡೆ. (ಬಿಡತೇನೇನು?) ಹೊಸಾ ಚೀಟಿ ಸ್ಟೇರಿಂಗಿನ ಕೆಳಗ ಕಟ್ಟಿದ್ರು. ಗಾಡಿ ಮನಿಗೆ ತಂದು ಬೇವಿನ ಗಿಡದ ಕೆಳಗ ನಿಲ್ಲಿಸಿ, ಚಾದಂಗಡಿಗೆ ಹೋಗಿ, ‘ನಾ ಮೊದಲ ಹೇಳಿದ್ದೆ, ಚೈನ್ ಅಂತ’ ಅಂದೆ. ಔಷಧ ಅಂಗಡಿ ಕಾಕಾ, ‘ನಾನೂ ಅದ ಅಂದಿದ್ದೆ’ ಅಂದ್ರು.

ಮರದಿನಾ ಮುಂಜಾನೆ. ಒಳಗ ರೊಟ್ಟಿ ಸಪ್ಪಳ ನಡದಿತ್ತು. ಸೀಟಿನ್ಯಾಗ ಕುಂತು, ಚಾವಿ ತಿರುವಿ, ಕಣ್ಣಮುಚ್ಚಿ ತಾಯಿಗೆ ಕೈ ಮುಗದೆ. ಕಣ್ಣ ತಗದೆ. ಖರ್ರ್ ಇಲ್ಲ, ಏನಿಲ್ಲ. ಅರೇ, ಗಾಡಿ ಚಾಲೂನ ಆಗಿಲ್ಲ ಅಂತ ಮತ್ತ ಚಾವಿ ತಿರುವಿದೆ ನೋಡ್ರಿ, ಕಿರ್‌ರ್‌ರ್‌ಚ್ ಅಂತ ಸ್ಟಾರ್ಟರ್ ಚೀರಿದ್ದು ಕೆರೂರ ಕೋಟಿ ತನಕ ಕೇಳಿರಬೇಕು. ಓಡ್ಯಾಡೂ ಇಂಜಿನ್ನಿಗೆ ಮತ್ತ ಸ್ಟಾರ್ಟರ್ ಕೊಟ್ಟಿದ್ದೆ.

ರೊಟ್ಟಿ ಸಪ್ಪಳ ನಿಂತಿತು. ಹಿಟ್ಟಿನ ಕೈ ಖಿಡಕ್ಯಾಗ ಬಂತು. ‘ಏನ್ರಿ, ಈಗೇನ ಮುರದ್ರಿ?’

‘ಏ, ಅದೇನ ಸಪ್ಪಳಲ್ಲ ಬಿಡ’ ಅಂದೆ.